ಹಾಫ್-ಲೈಫ್‌ಗೆ ಮಾಡೆಲ್ ಪ್ಯಾಕ್: ಕಾಪಿ ಮಾಡುವ ಮುಂಚೆ ನಾನು ನೋಡುವುದೇನು

1998ರ ಕಂಪ್ಯೂಟರ್ ಶೂಟಿಂಗ್ ಆಟ ಹಾಫ್-ಲೈಫ್‌ಗೆ ಮಾಡೆಲ್ ಪ್ಯಾಕ್, ಅಂದರೆ ಪಾತ್ರ, ಬಂದೂಕುಗಳ ರೂಪ ಬದಲಿಸುವ ಫೈಲ್‌ಗಳ ಕಟ್ಟು, ಹಾಕಲು ಐದು ನಿಮಿಷ ಸಾಕು. ಹಾಕಿದ ಮೇಲೆ ಆಟ ಮೊದಲಿನಂತೆ ನಡೆಯಬೇಕಾದರೆ ಫೈಲ್‌ಗಳ ಒಳಗೇನಿದೆ ಎಂದು ಮೊದಲೇ ನೋಡಬೇಕು.

ಆಟದ ಮೂಲ ಫೈಲ್‌ಗಳಿರುವ ವಾಲ್ವ್ ಫೋಲ್ಡರನ್ನು ನಾನು ಮುಟ್ಟುವುದೇ ಇಲ್ಲ. ಅದರ ಪಕ್ಕದಲ್ಲಿ ‘ವಾಲ್ವ್_ಆ್ಯಡ್‌ಆನ್’ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ‘ಮಾಡೆಲ್ಸ್’ ಫೋಲ್ಡರ್ ಇಟ್ಟು, ಪ್ಯಾಕ್‌ನ ಫೈಲ್‌ಗಳನ್ನು ಅಲ್ಲಿಗೆ ಹಾಕುತ್ತೇನೆ. ಆಪ್ಷನ್ಸ್‌ನಲ್ಲಿ ಕಸ್ಟಮ್ ಆ್ಯಡ್‌ಆನ್ ಕಂಟೆಂಟ್‌ಗೆ ಟಿಕ್ ಹಾಕಿ ಆಟವನ್ನು ಮುಚ್ಚಿ ತೆರೆದರೆ ಆಯಿತು. ಬೇಡವಾದರೆ ಟಿಕ್ ತೆಗೆದರೆ ಸಾಕು, ಹಳೆಯದೇ ಬರುತ್ತದೆ. ಈ ಆಟದ ವಿಸ್ತರಣೆಯಾದ ಆಪೋಸಿಂಗ್ ಫೋರ್ಸ್‌ನ ಫೋಲ್ಡರ್ ಗೇರ್‌ಬಾಕ್ಸ್. ಅದರ ಮಾಡೆಲ್‌ಗಳು ‘ಗೇರ್‌ಬಾಕ್ಸ್_ಆ್ಯಡ್‌ಆನ್’ಗೆ ಹೋಗಬೇಕು. ಲಿನಕ್ಸ್‌ನಲ್ಲಾದರೆ ಎಲ್ಲ ಇಂಗ್ಲಿಷ್ ಹೆಸರೂ ಸಣ್ಣಕ್ಷರದಲ್ಲಿರಲಿ.

ಹೆಚ್ಚು ಜನ ಎಡವುವುದು ಫೈಲ್ ಹೆಸರಿನ ಕೊನೆಯಲ್ಲಿರುವ ಎಂಡಿಎಲ್ ಎಂಬ ಬಾಲ ನೋಡಿ. ಹಾಫ್-ಲೈಫ್ 2ರ ಮಾಡೆಲ್‌ಗೂ ಅದೇ ಬಾಲ, ಒಳಗಿನ ರಚನೆ ಬೇರೆ. ಜೊತೆಗೆ ವಿವಿಡಿ, ವಿಟಿಎಕ್ಸ್ ಫೈಲ್‌ಗಳಿದ್ದರೆ ಅದು ಹಾಫ್-ಲೈಫ್ 2 ನಡೆಸುವ ಸೋರ್ಸ್ ಎಂಜಿನ್‌ನದು, ಇಲ್ಲಿ ನಡೆಯದು. ಅನುಮಾನವಿದ್ದರೆ ಫೈಲ್‌ನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ: ‘ಐಡಿಎಸ್‌ಟಿ’ ಅಕ್ಷರಗಳ ನಂತರದ ಬೈಟ್ 0ಎ, ಅಂದರೆ ಆವೃತ್ತಿ 10 ಇರಬೇಕು.

ಕೆಲವು ಮಾಡೆಲ್‌ಗಳು ಟೆಕ್ಸ್‌ಚರನ್ನು (ಮೇಲ್ಮೈಗೆ ಹೊದಿಸುವ ಚಿತ್ರ) ಹೆಸರಿನ ಕೊನೆಗೆ ‘ಟಿ’ ಇರುವ ಇನ್ನೊಂದು ಫೈಲ್‌ನಲ್ಲಿಯೂ, ಅನಿಮೇಶನ್‌ನ ಭಾಗಗಳನ್ನು ‘01’, ‘02’ ಸೇರಿದ ಫೈಲ್‌ಗಳಲ್ಲಿಯೂ ಇಡುತ್ತವೆ. ಮುಖ್ಯ ಫೈಲ್ ಮಾತ್ರ ಹಾಕಿ ‘ಟಿ’ ಬಿಟ್ಟರೆ ಎಂಜಿನ್ ಹಳೆಯ ‘ಟಿ’ಯನ್ನೇ ಎತ್ತಿಕೊಳ್ಳುತ್ತದೆ. ಕೋಟಿನ ಬಣ್ಣ ಮುಖಕ್ಕೆ ಬರುವುದು ಹೀಗೆ.

ಬಂದೂಕಿನ ಮಾಡೆಲ್‌ನಲ್ಲಿ ನಾನು ಮೊದಲು ನೋಡುವುದು ಅನಿಮೇಶನ್‌ಗಳ ಕ್ರಮ, ಅಂದಚಂದ ಆಮೇಲೆ. ಆಟ ಅವುಗಳನ್ನು ಕರೆಯುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. 9 ಎಂಎಂ ಪಿಸ್ತೂಲಿಗೆ 0, 1, 2 ಸುಮ್ಮನೆ ಹಿಡಿದಿರುವುದು, 3 ಗುಂಡು ಹಾರಿಸುವುದು, 5 ಮತ್ತು 6 ರೀಲೋಡ್, 7 ಹೊರತೆಗೆಯುವುದು. ಕೌಂಟರ್-ಸ್ಟ್ರೈಕ್‌ನ ಪಿಸ್ತೂಲನ್ನು ಹೆಸರು ಬದಲಿಸಿ ಹಾಕಿದರೆ ಈ ಕ್ರಮ ತಪ್ಪಿ, ಕೈ ಸುಮ್ಮನಿರಬೇಕಾದಾಗ ಇನ್ನೇನೋ ಮಾಡುತ್ತದೆ. ರೀಲೋಡ್‌ನ ಸಮಯವೂ ಕೋಡ್‌ನಲ್ಲಿದೆ: 1.5 ಸೆಕೆಂಡ್. ಮಾಡೆಲ್ ಮಾಡಿದವರು ಎಷ್ಟೇ ಸೊಗಸಾದ 3 ಸೆಕೆಂಡಿನ ರೀಲೋಡ್ ಇಟ್ಟಿರಲಿ, ಅರ್ಧದಲ್ಲೇ ಮತ್ತೆ ಗುಂಡು ಹಾರುತ್ತದೆ. ಬೆಂಕಿಯ ಮಿಂಚು ಕಾಣದಿದ್ದರೆ 5001, ರೀಲೋಡ್ ಸದ್ದು ಬಾರದಿದ್ದರೆ 5004 ಎಂಬ ಈವೆಂಟ್ (ಅನಿಮೇಶನ್ ನಡುವೆ ಆಟಕ್ಕೆ ಕೊಡುವ ಸೂಚನೆ) ಅನಿಮೇಶನ್‌ನಲ್ಲಿದೆಯೇ ಎಂದು ಮಾಡೆಲ್ ವ್ಯೂವರ್‌ನಲ್ಲಿ ನೋಡಿ.

ವಿಜ್ಞಾನಿ, ಕಾವಲುಗಾರರ ವಿಷಯ ಇದಕ್ಕೆ ತಿರುವುಮುರುವು. ಮ್ಯಾಪ್‌ನ ಸ್ಕ್ರಿಪ್ಟ್‌ಗಳು ಅವರ ಅನಿಮೇಶನ್‌ಗಳನ್ನು ಹೆಸರಿನಿಂದಲೇ ಕರೆಯುತ್ತವೆ. ಹೆಸರು ಸಿಗದಿದ್ದರೆ 0ನೇ ಅನಿಮೇಶನ್ ಓಡುತ್ತದೆ. ಅನಿಮೇಶನ್ ಇದ್ದೂ 1003ರ ಈವೆಂಟ್ ಬಿಟ್ಟುಹೋಗಿದ್ದರೆ, ಅದನ್ನೇ ಕಾಯುವ ಬಾಗಿಲು ತೆರೆಯುವುದಿಲ್ಲ, ಆಟ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೂಲ ಫೈಲನ್ನೂ ಹೊಸದನ್ನೂ ವ್ಯೂವರ್‌ನಲ್ಲಿ ಅಕ್ಕಪಕ್ಕ ತೆರೆದು ಪಟ್ಟಿಗಳನ್ನು ತಾಳೆ ನೋಡುತ್ತೇನೆ. ಬಾಡಿ ಗ್ರೂಪ್‌ಗಳನ್ನೂ (ಒಂದೇ ಮಾಡೆಲ್‌ನಲ್ಲಿ ಬದಲಿಸಬಹುದಾದ ಭಾಗಗಳ ಗುಂಪುಗಳು) ಎಣಿಸಬೇಕು: ವಿಜ್ಞಾನಿಗೆ ನಾಲ್ಕು ತಲೆ, ಸೈನಿಕನಿಗೆ ತಲೆಯದೊಂದು, ಬಂದೂಕಿನದೊಂದು ಗುಂಪು. ಬಂದೂಕಿನದು ತಪ್ಪಿದರೆ ಸೈನಿಕ ಬರಿಗೈಯಲ್ಲಿ ಗುಂಡು ಹಾರಿಸುತ್ತಾನೆ.

ಪರೀಕ್ಷಿಸುವಾಗ ಆಟದೊಳಗೆ ಆಜ್ಞೆ ಬರೆಯುವ ಕನ್ಸೋಲ್‌ನಲ್ಲಿ ‘ಡೆವಲಪರ್ 1’ ಕೊಟ್ಟಿಡಿ. ಸಿಗದ ಅನಿಮೇಶನ್‌ನ ಹೆಸರು ಅಲ್ಲೇ ಕಾಣುತ್ತದೆ.