ಮನೆತನದ ಸಮಾಧಿಯಲ್ಲಿ ಚಿತಾಭಸ್ಮ ಹೂಳುವುದು ಹೇಗೆ

ಪುಣೆಯಲ್ಲೋ ಬೆಂಗಳೂರಿನಲ್ಲೋ ತೀರಿಕೊಂಡವರನ್ನು ಅಲ್ಲಿಯ ವಿದ್ಯುತ್ ಚಿತಾಗಾರದಲ್ಲೇ ದಹಿಸಿ, ಭಸ್ಮವನ್ನಷ್ಟೇ ಊರಿಗೆ ತರುವುದು ಈಗ ಹೊಸದಲ್ಲ. ಹೂಳುವ ರೂಢಿಯ ಲಿಂಗಾಯತ, ಕ್ರೈಸ್ತ ಮನೆಗಳಲ್ಲಿ ಕೂಡಲಸಂಗಮದ ನೀರಿಗೆ ಬಿಡುವ ಬದಲು ಅಪ್ಪ-ಅವ್ವನ ಸಮಾಧಿಯಲ್ಲೇ ಇಡೋಣ ಎನ್ನುವವರೂ ಇದ್ದಾರೆ. ಕೆಲಸ ಸಣ್ಣದು, ಹದವಾದ ಮಣ್ಣಿದ್ದರೆ ತಾಸಿನೊಳಗೆ ಮುಗಿಯುತ್ತದೆ. ಕೆಡುವುದು ಎರಡು ಕಡೆ: ಕೇಳದೆ ಅಗೆದಾಗ, ಮತ್ತು ಬೇಕಾದ್ದಕ್ಕಿಂತ ಆಳ ಅಗೆದಾಗ.

ಮೊದಲು ಒಪ್ಪಿಗೆ. ಸಮಾಧಿ ಸ್ವಂತ ಹೊಲದಲ್ಲಿದ್ದರೆ ಉತಾರ (ಪಹಣಿ) ತೆಗೆಸಿ ನೋಡಿ. ಹೆಸರಿರುವ ಅಣ್ಣತಮ್ಮಂದಿರೆಲ್ಲರ ಒಪ್ಪಿಗೆಯನ್ನು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ವಾಟ್ನಿಯಾಗದ (ಪಾಲಾಗದ) ಹೊಲದಲ್ಲಿ ಬಾಯಿಮಾತಿನ ಒಪ್ಪಿಗೆ ನಾಲ್ಕು ವರ್ಷಕ್ಕೆ ಜಗಳವಾಗುತ್ತದೆ. ರುದ್ರಭೂಮಿಯಾದರೆ ನೋಡಿಕೊಳ್ಳುವ ಸಮಿತಿ, ಪಂಚಾಯ್ತಿ ಅಥವಾ ಪಾಲಿಕೆಗೆ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ ಮತ್ತು ಚಿತಾಗಾರದ ರಸೀದಿಯ ನಕಲು ಜೊತೆಗಿರಲಿ. ಚರ್ಚಿನ ಸ್ಮಶಾನಕ್ಕೆ ಪಾದ್ರಿಗಳ ಅನುಮತಿ ಬೇಕು. ಕಥೋಲಿಕ ಸಭೆ ದಹನಕ್ಕೆ 1963ರಲ್ಲೇ ಅವಕಾಶ ಕೊಟ್ಟಿದೆ. ಆದರೆ 2016ರ ನಿಯಮದಂತೆ ಭಸ್ಮವನ್ನು ಪವಿತ್ರ ಸ್ಥಳದಲ್ಲೇ ಇಡಬೇಕು, ಚೆಲ್ಲುವಂತಿಲ್ಲ. ಹೇಳದೆ ಕೇಳದೆ ಸ್ಮಶಾನಕ್ಕೆ ನುಗ್ಗಿ ಅಗೆದು ಯಾರದಾದರೂ ಮನಸ್ಸು ನೋಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಕೇಸಾಗಬಹುದು.

ಇನ್ನು ಅಗೆಯುವ ಜಾಗ. ಹಳೆಯ ಗುಣಿಯನ್ನು ತೆರೆಯುವ ಪ್ರಶ್ನೆಯೇ ಇಲ್ಲ. ದೊಡ್ಡವರೊಬ್ಬರ ಭಸ್ಮ ಸಾಮಾನ್ಯವಾಗಿ 2ರಿಂದ 3 ಕೆಜಿ ತೂಗುತ್ತದೆ, ಅಳೆದರೆ 3 ಲೀಟರಿನ ಆಸುಪಾಸು. ಅದಕ್ಕೆ ಒಂದಡಿ ಅಗಲ, ಒಂದಡಿ ಉದ್ದ, ಎರಡಡಿ ಆಳದ ಕುಳಿ ಧಾರಾಳವಾಯಿತು. ಎರಡಡಿಯ ಗೆರೆಯನ್ನು ದಾಟಲೇಬೇಡಿ, ಅದಕ್ಕೆ ಕಾರಣವಿದೆ. ಲಿಂಗಾಯತರಲ್ಲಿ ಕುಳ್ಳಿರಿಸಿ ಹೂಳುತ್ತಾರೆ. ಆರಡಿ ಗುಣಿಯಲ್ಲಿ ಕುಳಿತ ದೇಹದ ತಲೆ ನೆಲದಿಂದ ಮೂರಡಿಯಷ್ಟೇ ಕೆಳಗಿರುತ್ತದೆ. ಎಷ್ಟೋ ಕಡೆ ಗುಣಿಯ ಒಂದು ಬದಿಗೆ ಗೂಡು ಕೊರೆದು ಅದರೊಳಗೆ ಕೂಡ್ರಿಸಿರುತ್ತಾರೆ. ಗೂಡಿನ ಮೇಲಿನ ಮಣ್ಣು ಎಷ್ಟು ಕುಸಿದಿದೆ ಎಂಬುದು ಹೊರಗೆ ತಿಳಿಯದು. ಗೂಡು ಯಾವ ದಿಕ್ಕಿಗಿದೆ ಎಂದು ಅಂದು ಗುಣಿ ತೋಡಿದವರನ್ನೋ ಊರ ಹಿರಿಯರನ್ನೋ ಕೇಳಿ, ಅದರ ವಿರುದ್ಧ ಬದಿಗೆ ಅಗೆಯಿರಿ. ಹಾರಿ (ಹಾರೆ) ಹಾಕಿದಾಗ ಒಮ್ಮೆಲೇ ಸಡಿಲವಾಗಿ ಒಳಗಿಳಿದರೆ ಅಲ್ಲಿಗೇ ನಿಲ್ಲಿಸಿ, ಮಣ್ಣು ಮುಚ್ಚಿ, ಎರಡಡಿ ಸರಿದು ಅಗೆಯಿರಿ. ತಲೆಗಲ್ಲಿನಿಂದ ಒಂದೂವರೆ ಅಡಿಯಾದರೂ ದೂರವಿರಲಿ; ಬುಡಕ್ಕೆ ಹತ್ತಿ ಅಗೆದರೆ ಒಂದೇ ಮಳೆಗೆ ಕಲ್ಲು ವಾಲುತ್ತದೆ.

ಮೇಲೆ ಫರಸಿ ಕಲ್ಲು ಮುಚ್ಚಿದ್ದರೆ ಅದನ್ನು ಎತ್ತುವ ಆಸೆ ಬಿಡಿ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಿಂಚು ದಪ್ಪದ ಕಲ್ಲು 180 ಕೆಜಿಗೂ ಹೆಚ್ಚು ಭಾರ. ಒಂದೇ ಮೂಲೆಗೆ ಹಾರಿ ಕೊಟ್ಟು ಮೀಟಿದರೆ ನಡುವೆ ಬಿರಿಯುತ್ತದೆ. ಕಲ್ಲಿನ ಅಂಚಿಗೂ ಕಟ್ಟೆಗೂ ನಡುವಿನ ಜಾಗ, ಅದೂ ಇಲ್ಲದಿದ್ದರೆ ಕಾಲ್ದೆಸೆಯ ಹೊರಬದಿ, ಇಷ್ಟು ಸಾಕು. ಗದ್ದುಗೆ ಕಟ್ಟಿಸಿದ್ದರೆ ಸಿಮೆಂಟ್ ಒಡೆಯುವುದಂತೂ ಬೇಡ.

ವಿಜಯಪುರ, ಬಾಗಲಕೋಟೆಯ ಎರಿಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಒಂದು ಎಚ್ಚರಿಕೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯ ಬಿರುಕು ಎರಡಡಿಗೂ ಮೀರಿ ಇಳಿಯುವುದುಂಟು. ಅಗೆದ ಹೆಂಟೆಗಳನ್ನೇ ಮತ್ತೆ ತುಂಬಿದರೆ ಸಂದು ಉಳಿದು, ಮೊದಲ ದೊಡ್ಡ ಮಳೆಗೆ ನೀರು ನೇರ ಒಳಗೆ ಹೋಗಿ ಕುಳಿ ಕುಸಿಯುತ್ತದೆ. ಎರಡು ಬುಟ್ಟಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತಂದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಆ ನೆಲಕ್ಕೆ ಹಾರಿ ಇಳಿಯದು, ಸೆಪ್ಟೆಂಬರಿನಲ್ಲಿ ಸಲಿಕೆ ಮೇಲೆ ಬಾರದು. ಮುಹೂರ್ತದ ಕಟ್ಟಿಲ್ಲದಿದ್ದರೆ ನವೆಂಬರಿನಿಂದ ಜನವರಿ ಒಳ್ಳೆಯ ಹದ. ಬೆಳಗಾವಿ ಕಡೆಯ ಕೆಂಪು ಮಣ್ಣಿಗೆ ಇಷ್ಟು ತಲೆಬಿಸಿ ಇಲ್ಲ, ಮಳೆಗಾಲ ತಪ್ಪಿಸಿದರೆ ಸಾಕು.

ಭಸ್ಮವನ್ನು ಸ್ಟೀಲ್ ಡಬ್ಬಿ ಅಥವಾ ಪ್ಲಾಸ್ಟಿಕ್ ಚೀಲದ ಸಮೇತ ಹೂಳಬೇಡಿ, ಅದು ಮಣ್ಣಿಗೆ ಸೇರುವುದೇ ಇಲ್ಲ. ಮಣ್ಣಿನ ಕುಡಿಕೆಯನ್ನು ಹಲವರು ಇಷ್ಟಪಡುತ್ತಾರೆ, ಆದರೆ ಎರಿ ಮಣ್ಣಿನ ಒತ್ತಡಕ್ಕೆ ಅದು ಒಡೆದು ಮೇಲೆ ತಗ್ಗು ಬೀಳುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆಯ ಗಂಟೇ ಎಲ್ಲಕ್ಕಿಂತ ವಾಸಿ. ಸುರಿಯುವುದೇ ಆದರೆ ಗಾಳಿಗೆ ಬೆನ್ನು ಮಾಡಿ ಕುಳಿತು, ಕೈಯನ್ನು ಕುಳಿಯೊಳಗಿಳಿಸಿ ಸುರಿಯಿರಿ. ನಿಂತು ಸುರಿದರೆ ಅರ್ಧ ಮೈಮೇಲೆ ಬರುತ್ತದೆ. ವಿದೇಶದಿಂದ ಬಂದ ಭಸ್ಮ ಪುಡಿ ಮಾಡಿದ್ದು, ಇನ್ನೂ ಬೇಗ ಹಾರುತ್ತದೆ. ಅದರಲ್ಲಿ ನಂಬರಿನ ಲೋಹದ ಬಿಲ್ಲೆ ಸಿಕ್ಕರೆ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ವಿಭೂತಿ, ಪತ್ರಿ, ಇಷ್ಟಲಿಂಗದ ವಿಚಾರ ನಿಮ್ಮ ಅಯ್ಯನವರಿಗೆ ಬಿಟ್ಟದ್ದು.

ಮುಚ್ಚುವಾಗ ಮೊದಲು ಆರಿಂಚು ಪುಡಿ ಮಣ್ಣು ಹಾಕಿ ಕೈಯಿಂದಲೇ ಒತ್ತಿ. ಆಮೇಲೆ ಗರಸು ಮತ್ತು ಮಣ್ಣನ್ನು ಸಮಸಮ ಬೆರೆಸಿ, ಆರಾರು ಇಂಚಿಗೊಮ್ಮೆ ತುಳಿದು ಗಟ್ಟಿ ಮಾಡಿ. ಕೊನೆಗೆ ಮೂರಿಂಚು ದಿಬ್ಬ ಬಿಡಿ, ಅದು ತಾನೇ ಇಳಿಯುತ್ತದೆ. ಕುಳಿಯ ಮೇಲೆಯೇ ಬಿಲ್ವದ ಸಸಿ ನೆಡುವುದು ಬೇಡ. ಭಸ್ಮದಲ್ಲಿ ಕ್ಷಾರ ಮತ್ತು ಉಪ್ಪು ಹೆಚ್ಚಿರುವುದರಿಂದ ಎಳೆ ಬೇರು ಸುಡುತ್ತದೆ. ಮೂರಡಿ ಆಚೆ ನೆಡಿ.

ಹೆಸರಿಗಾಗಿ ಹಳೆಯ ಕಲ್ಲನ್ನು ಕೆತ್ತಿಸುವುದಕ್ಕಿಂತ ಒಂದಡಿಗೆ ಒಂಬತ್ತಿಂಚಿನ ಇಳಕಲ್ಲ ಗ್ರಾನೈಟಿನ ಬೇರೆ ಫಲಕ ಅಗ್ಗ, ಅಚ್ಚುಕಟ್ಟು. ಬಣ್ಣದಲ್ಲಿ ಬರೆಸಬೇಡಿ, ಬಿಸಿಲಿಗೆ ಮಾಸುತ್ತದೆ, ಕೆತ್ತಿಸಿ. ಒಂದು ಮಳೆಗಾಲ ಕಳೆದು ನೆಲ ಕುಳಿತ ಮೇಲೆಯೇ ಫಲಕ ಕೂಡ್ರಿಸಿ. ಅಷ್ಟರೊಳಗೆ ತಲೆಗಲ್ಲಿನಿಂದ ಕುಳಿ ಎಷ್ಟು ಅಡಿ, ಯಾವ ದಿಕ್ಕಿಗೆ ಎಂದು ಗೆರೆ ಎಳೆದು ಗುರುತಿಸಿ, ಆ ಹಾಳೆಯನ್ನು ಉತಾರದ ಜೊತೆ ಇಡಿ. ಮುಂದೆ ಇನ್ನೊಬ್ಬರಿಗಾಗಿ ಅಗೆಯುವವರು ಮೊದಲು ಕೇಳುವುದೇ ಅದನ್ನು.