ಗಾಯಾಳು ಮಾಜಿ ಸೈನಿಕರನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ತಿದ್ದೀರಾ? ಇಷ್ಟು ನೋಡ್ಕೊಳ್ಳಿ

ಬೆನ್ನುಹುರಿಗೆ ಏಟಾದವರನ್ನೋ ಕಾಲು ಕಳ್ಕೊಂಡವರನ್ನೋ ಸೇರಿಸೋಕೆ ಹೋದಾಗ ಮನೆಯವರು ಮೊದಲು ನೋಡೋದು ರೂಮು, ಊಟ, ಬಾತ್‌ರೂಮು. ನೋಡಿ, ಬೇಡ ಅನ್ನಲ್ಲ. ಆದ್ರೆ ಅವರ ಕೈಲಾಗೋ ಕೆಲಸನ ಅವರಿಗೇ ಬಿಡ್ತೀರಾ, ಇಲ್ಲ ಬೇಗ ಮುಗೀಲಿ ಅಂತ ನೀವೇ ಶರ್ಟ್ ಹಾಕಿ ಬಟನ್ನೂ ಹಾಕಿಬಿಡ್ತೀರಾ ಅಂತ ಅಲ್ಲಿನ ಸಿಬ್ಬಂದಿನ ಕೇಳಿ. ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆ ಕಡೆ ನೋಡೋದೇ ವಾಸಿ.

ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಪಟ್ಟಿ, ಸೇವಾ ದಾಖಲೆ, ಅಂಗವೈಕಲ್ಯದ ಸರ್ಟಿಫಿಕೇಟು ಎಲ್ಲಾ ಒಂದೇ ಫೈಲಲ್ಲಿಡಿ. ಜೊತೆಗೊಂದು ಹಾಳೆಲಿ ರಾತ್ರಿ ಹೇಗೆ ಮಲಗ್ತಾರೆ, ಯಾವ ಸದ್ದಿಗೆ ಬೆಚ್ಚಿಬೀಳ್ತಾರೆ ಅಂತ ಬರೆದುಕೊಡಿ. ಯುದ್ಧ ನೋಡಿ ಬಂದವರನ್ನ ನಿದ್ದೇಲಿ ಮೈ ಮುಟ್ಟಿ ಎಬ್ಬಿಸಬಾರದು, ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೀಬೇಕು, ಇದು ನೈಟ್ ಡ್ಯೂಟಿಯವರಿಗೆ ಗೊತ್ತಿರ್ಲೇಬೇಕು.

ಸೇರಿದ ದಿನವೇ ನರ್ಸ್ ಜೊತೆ ನಿಂತು ಚರ್ಮ ನೋಡಿ. ಸೊಂಟದ ಹಿಂಭಾಗ, ಕುಂಡಿ, ಹಿಮ್ಮಡಿ. ಕೆಂಪಗಾದ ಜಾಗನ ಬೆರಳಲ್ಲಿ ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಗೇ ಇದ್ರೆ ಬೆಡ್‌ಸೋರ್, ಅಂದ್ರೆ ಒಂದೇ ಕಡೆ ಒತ್ತಡ ಬಿದ್ದು ಆಗೋ ಹುಣ್ಣು, ಶುರುವಾಗಿದೆ ಅಂತ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ವಾರ್ಡ್ ಶುರು ಮಾಡಿದಾಗ ಇಂಥ ಸೈನಿಕರು ಜಾಸ್ತಿ ದಿನ ಬದುಕಲ್ಲ ಅಂತಲೇ ಎಲ್ಲರೂ ಅಂದ್ಕೊಂಡಿದ್ರು, ಜೀವ ತೆಗೀತಿದ್ದಿದ್ದು ಈ ಹುಣ್ಣು ಮತ್ತು ಮೂತ್ರದ ಇನ್‌ಫೆಕ್ಷನ್ನು. ಆತ ಹಗಲೂ ರಾತ್ರಿ 2 ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸೋ ಹಾಗೆ ಮಾಡಿದ. ಮಗ್ಗುಲು ಬದಲಿಸಿದ ಚಾರ್ಟ್ ತೋರ್ಸಿ ಅಂತ ನೀವೂ ಕೇಳಿ, ಸಂಕೋಚ ಬೇಡ. ವೀಲ್‌ಚೇರಲ್ಲಿ ಕೂತಾಗ್ಲೂ 15-30 ನಿಮಿಷಕ್ಕೊಮ್ಮೆ ಮೈ ಭಾರ ಎತ್ತಬೇಕು ಇಲ್ಲಾ ಪಕ್ಕಕ್ಕೆ ವಾಲಬೇಕು.

ಬೆನ್ನುಹುರಿಯ ಗಾಯ ಎದೆಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ರೆ ಇನ್ನೊಂದು ಅಪಾಯ ಇದೆ. ಇದ್ದಕ್ಕಿದ್ದಂತೆ ತಲೆ ಸಿಡಿಯೋದು, ಮುಖ ಕೆಂಪಾಗಿ ಬೆವರೋದು, ಬಿಪಿ ಏರೋದು. ತಕ್ಷಣ ಎತ್ತಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ (ಮೂತ್ರ ಹೋಗೋಕೆ ಹಾಕಿರೋ) ಪೈಪ್ ಮಡಚಿಕೊಂಡಿದೆಯಾ ನೋಡಿ, ಡಾಕ್ಟರನ್ನ ಕರೀರಿ. ಸಾಮಾನ್ಯವಾಗಿ ಮೂತ್ರ ಕಟ್ಟಿದ್ದೇ ಕಾರಣ, ಕೆಲವೊಮ್ಮೆ ಮಲಬದ್ಧತೆ.

ಮೊಣಕಾಲ ಕೆಳಗೆ ಕಾಲು ತೆಗೆದಿದ್ರೆ ಮಂಡಿ ಕೆಳಗೆ ದಿಂಬು ಇಡ್ಬೇಡಿ. ಆರಾಮೇನೋ ಅನ್ಸತ್ತೆ, ಆದ್ರೆ ಮಂಡಿ ಮಡಚಿಕೊಂಡೇ ಬಿಗಿದುಬಿಟ್ರೆ ಕೃತಕ ಕಾಲು ಹಾಕೋದು ಕಷ್ಟ. ಕಾಲಿನ ಉಳಿದ ಭಾಗ ತಿಂಗಳುಗಟ್ಟಲೆ ಕುಗ್ತಾ ಹೋಗತ್ತೆ, ಹಂಗಾಗಿ ಮೊದಲನೇ ಕೃತಕ ಕಾಲು ಲೂಸಾಯ್ತು ಅಂತ ಗಾಬರಿ ಬೇಡ.

ಫಿಸಿಯೋ ಜೊತೆ ಆಟನೂ ಇರ್ಲಿ. ಗುಟ್‌ಮನ್ 1948ರಲ್ಲಿ 16 ಜನ ಗಾಯಾಳುಗಳಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟಿದ್ದು, ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯ್ತು.

ಕೊನೇದಾಗಿ, ಮನೆಗೆ ಕಳಿಸೋ ಮುಂಚೆ ಎರಡು ರಾತ್ರಿ ಮನೇಲಿ ಇಟ್ಕೊಂಡು ನೋಡ್ತೀವಿ ಅಂತ ಕೇಳಿ. ವೀಲ್‌ಚೇರ್ ಬಾಗಿಲಲ್ಲಿ ತೂರತ್ತಾ, ಕಮೋಡ್‌ಗೆ ಒಬ್ಬರೇ ಹೋಗೋಕಾಗತ್ತಾ ಅನ್ನೋದು ಅಲ್ಲೇ ಗೊತ್ತಾಗತ್ತೆ, ಆಗದೇ ಇರೋದನ್ನ ಬರ್ಕೊಂಡು ಬಂದು ಥೆರಪಿಸ್ಟ್‌ಗೆ ಕೊಡಿ, ಮುಂದಿನ ವಾರದ ಅಭ್ಯಾಸ ಅದರದ್ದೇ.