ಹಾವೋ ಹಗ್ಗವೋ ತಿಳಿಯುವ ಮೊದಲೇ ದೇಹ ಏನೇನು ಮಾಡಿರುತ್ತದೆ?

ಮಬ್ಬುಗತ್ತಲಲ್ಲಿ ಅಡಿಕೆ ತೋಟದ ಕಾಲುದಾರಿಯಲ್ಲಿ ನಡೆಯುವಾಗ ಒಣಸೋಗೆಯ ಪಕ್ಕ ಏನೋ ಸುರುಳಿ ಸುತ್ತಿಕೊಂಡಿರುವುದು ಕಂಡರೆ, ಅದು ಹಾವೋ ಹಗ್ಗವೋ ಎಂದು ಯೋಚಿಸುವ ಮೊದಲೇ ಎತ್ತಿದ ಕಾಲು ಅಲ್ಲೇ ನಿಂತಿರುತ್ತದೆ. ವೇದಾಂತಿಗಳು ಇದೇ ದೃಷ್ಟಾಂತವನ್ನು ಭ್ರಮೆಯ ಸ್ವರೂಪ ವಿವರಿಸಲು ಬಳಸಿದರು. ಶರೀರಶಾಸ್ತ್ರಕ್ಕೆ ಅದು ಮುನ್ನೆಚ್ಚರಿಕೆಯ ದೃಷ್ಟಾಂತ. ಹಗ್ಗಕ್ಕೆ ಹೆದರಿದವನು ಕಳೆದುಕೊಳ್ಳುವುದು ಒಂದು ಗಳಿಗೆಯ ನೆಮ್ಮದಿಯನ್ನಷ್ಟೇ, ನಾಗರಹಾವನ್ನು ಹಗ್ಗವೆಂದುಕೊಂಡವನು ಜೀವವನ್ನೇ ಕಳೆದುಕೊಂಡಾನು. ಹಾಗಾಗಿ ಮೊದಲ ಬಗೆಯ ತಪ್ಪನ್ನು ಧಾರಾಳವಾಗಿ ಮಾಡುವಂತೆ ನಮ್ಮ ನರಮಂಡಲ ರೂಪುಗೊಂಡಿದೆ. ಆ ಹೊತ್ತಿನಲ್ಲಿ ಯಾವುದರ ಹಿಂದೆ ಯಾವುದು ನಡೆಯುತ್ತದೆ ಎಂಬುದು ಗೊತ್ತಿದ್ದರೆ ದೇಹದ ಕೆಲಸಕ್ಕೆ ನಾವೇ ಅಡ್ಡ ಬರುವುದು ತಪ್ಪುತ್ತದೆ.

ಮೊದಲ ಸೆಕೆಂಡು

ಕಣ್ಣಿನಿಂದ ಹೊರಟ ಸುದ್ದಿ ಥಲಮಸ್ ಎಂಬ ಭಾಗವನ್ನು ಹಾದು ಮಿದುಳಿನ ಹಿಂಬದಿಯ ದೃಷ್ಟಿಕೇಂದ್ರಕ್ಕೆ ಹೋಗಿ, ಅಲ್ಲಿ ಆಕಾರ, ಬಣ್ಣಗಳ ವಿವರ ಪಡೆಯುತ್ತದೆ. ಇಷ್ಟಕ್ಕೆ ಕಾಯದೆ ಅರೆಬರೆ ಸುದ್ದಿಯನ್ನೇ, ಅಪಾಯವನ್ನು ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲಕ್ಕೆ ಮುಟ್ಟಿಸುವ ಒಳದಾರಿಯೊಂದಿದೆ ಎಂಬುದನ್ನು ಅಮೆರಿಕದ ನರವಿಜ್ಞಾನಿ ಜೋಸೆಫ್ ಲಿಡೂ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಅವರ ಇಲಿಗಳು ಹೆದರಿದ್ದು ಶಬ್ದಕ್ಕೆ. ಮನುಷ್ಯರ ನೋಟದ ವಿಚಾರದಲ್ಲಿ ಈ ಒಳದಾರಿಯ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಟೈರು ಸಿಡಿದಂತಹ ದೊಡ್ಡ ಸದ್ದಾದರೆ ಮಿದುಳುಕಾಂಡವೇ ಮುಂದಾಗುತ್ತದೆ: ಸುಮಾರು 50 ಮಿಲಿಸೆಕೆಂಡುಗಳ ಒಳಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ, ಕತ್ತು ಕುಗ್ಗುತ್ತದೆ, ಹೆಗಲು ಮೇಲೇರುತ್ತದೆ.

ಇದರ ಬೆನ್ನಿಗೇ ಬರುವುದು ಸ್ತಬ್ಧತೆ. ಕೈಕಾಲು ಆಡದಾಯಿತು ಎಂದು ಜನ ನಾಚಿಕೆಯಿಂದ ಹೇಳಿಕೊಳ್ಳುವುದುಂಟು, ಆದರೆ ಅದರಲ್ಲಿ ಹೇಡಿತನವೇನಿಲ್ಲ. ಸ್ನಾಯುಗಳು ಬಿಗಿಯಾಗಿ ಸಜ್ಜಾಗಿರುತ್ತವೆ, ಹೃದಯಬಡಿತ ತುಸು ನಿಧಾನವಾಗುತ್ತದೆ, ಗಮನವೆಲ್ಲ ಒಂದೇ ಕಡೆ ನೆಡುತ್ತದೆ. ಹಾವು ಎದುರಿಗಿದ್ದಾಗಲಂತೂ ಈ ಸ್ತಬ್ಧತೆಯೇ ಸರಿಯಾದ ನಡೆ. ಅದನ್ನು ಮುರಿದು ಧಡಕ್ಕನೆ ಕಾಲಿಡುವ ಬದಲು, ಹಾವು ಎತ್ತ ಮುಖ ಮಾಡಿದೆ ಎಂದು ನೋಡಿಕೊಂಡು ಮೆಲ್ಲಗೆ ಹಿಂದಕ್ಕೆ ಸರಿಯಬೇಕು.

ಅಡ್ರಿನಲಿನ್ ರಕ್ತಕ್ಕಿಳಿದ ಮೇಲೆ

ಅಮಿಗ್ಡಲದ ಕರೆ ಮಿದುಳಿನ ಬುಡದ ಹೈಪೋಥಲಮಸ್ ಎಂಬ ಭಾಗವನ್ನು ಮುಟ್ಟಿದೊಡನೆ, ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹ ಕೆಲಸಕ್ಕಿಳಿಯುತ್ತದೆ. ಅದರ ನರಗಳು ಹೃದಯವನ್ನು ನೇರವಾಗಿ ಚುರುಕುಗೊಳಿಸುವುದರ ಜೊತೆಗೆ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳಿನಿಂದ ಅಡ್ರಿನಲಿನ್ ಹೊರಬೀಳುವಂತೆ ಮಾಡುತ್ತವೆ. ಹೆದರಿದ ಪ್ರಾಣಿಯ ರಕ್ತದಲ್ಲಿ ಈ ರಸ ಏರುತ್ತದೆಂಬುದನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1911ರಲ್ಲಿ, ಬೊಗಳುವ ನಾಯಿಯನ್ನು ಬೆಕ್ಕಿನ ಎದುರಿಗೆ ತಂದು ಕಂಡುಕೊಂಡರು. ಹೋರಾಟ ಇಲ್ಲವೇ ಪಲಾಯನ ಎಂಬ ವಿವರಣೆ ಅವರ 1915ರ ಪುಸ್ತಕದಿಂದ ಹಬ್ಬಿತು. ಬೆಕ್ಕು ಗಾಬರಿಯಾದಾಗ ಅದರ ಜಠರದ ಚಲನೆ ನಿಂತುಬಿಡುವುದನ್ನು ಅವರು ಅದಕ್ಕೂ ಮೊದಲೇ, ಆಗಿನ್ನೂ ಹೊಸತಾಗಿದ್ದ ಎಕ್ಸ್-ರೇಯಲ್ಲಿ ನೋಡಿದ್ದರು.

ಮುಂದಿನದೆಲ್ಲ ರಕ್ತ ಎಲ್ಲಿಗೆ ಹೋಗಬೇಕೆಂಬ ಲೆಕ್ಕಾಚಾರ. ಓಡಬೇಕಾದರೂ ಹೊಡೆದಾಡಬೇಕಾದರೂ ಕೆಲಸ ಮಾಡುವುದು ದೊಡ್ಡ ಸ್ನಾಯುಗಳಾದ್ದರಿಂದ ಅವುಗಳ ರಕ್ತನಾಳಗಳು ಹಿಗ್ಗುತ್ತವೆ. ಚರ್ಮದ ಮತ್ತು ಕರುಳಿನ ನಾಳಗಳು ಕುಗ್ಗುತ್ತವೆ. ಮುಖ ಬಿಳಿಚುವುದು, ಬೆರಳು ತಣ್ಣಗಾಗುವುದು, ಹೊಟ್ಟೆಯಲ್ಲಿ ಸಂಕಟವಾಗುವುದು ಇದರಿಂದಲೇ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಪಿತ್ತಜನಕಾಂಗ ತಾನು ಕೂಡಿಟ್ಟ ಗ್ಲೈಕೋಜನ್ ಅನ್ನು ಗ್ಲುಕೋಸ್ ಆಗಿ ಒಡೆದು ರಕ್ತಕ್ಕೆ ಬಿಡುತ್ತದೆ, ಶ್ವಾಸನಾಳಗಳು ಅಗಲವಾಗುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ರಕ್ತ ಹೆಪ್ಪುಗಟ್ಟುವ ವೇಗವೂ ಹೆಚ್ಚುತ್ತದೆ. ಮೈಕೂದಲು ನಿಮಿರಿ ನಿಂತರೆ ಬೆಕ್ಕು ದೊಡ್ಡದಾಗಿ ಕಂಡು ಎದುರಾಳಿಯನ್ನು ಬೆದರಿಸೀತು. ನಮಗೆ ಉಳಿದಿರುವುದು ಬರೀ ಮುಳ್ಳು ಎದ್ದ ಚರ್ಮ. ನೋವಿನ ಅರಿವು ಕೂಡ ತಗ್ಗಿರುತ್ತದೆ. ಆದ್ದರಿಂದ ಬೈಕಿನಿಂದ ಬಿದ್ದವರು ತಮಗೇನೂ ಆಗಿಲ್ಲವೆಂದು ಎದ್ದು ನಿಂತರೂ ಕೂಡಲೇ ನಂಬದೆ ಕೈಕಾಲು, ತಲೆ, ಕತ್ತುಗಳನ್ನು ಪರೀಕ್ಷಿಸಬೇಕು.

ಆಗ ಕಾಲವೇ ನಿಧಾನವಾಯಿತು ಎನ್ನುವವರಿದ್ದಾರೆ. 2007ರಲ್ಲಿ ಪ್ರಕಟವಾದ ಡೇವಿಡ್ ಈಗಲ್‌ಮನ್ ತಂಡದ ಪ್ರಯೋಗದಲ್ಲಿ ಸ್ವಯಂಸೇವಕರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಲಾಯಿತು. ತಮ್ಮ ಬೀಳುವಿಕೆ ಬೇರೆಯವರದಕ್ಕಿಂತ ಹೆಚ್ಚು ಹೊತ್ತು ನಡೆಯಿತೆಂದು ಅವರು ಅಂದಾಜಿಸಿದರೂ, ಬೀಳುತ್ತಿರುವಾಗ ಮಣಿಕಟ್ಟಿನ ಪರದೆಯ ಮೇಲೆ ವೇಗವಾಗಿ ಮಿನುಗುವ ಅಂಕಿಗಳನ್ನು ಓದುವ ಶಕ್ತಿಯೇನೂ ಅವರಿಗೆ ಹೆಚ್ಚಾಗಲಿಲ್ಲ. ನಿಧಾನವೆನ್ನಿಸುವುದು ನೋಟದಲ್ಲಲ್ಲ, ಆ ಕ್ಷಣಗಳು ದಟ್ಟವಾಗಿ ಅಚ್ಚಾಗಿರುವ ನೆನಪಿನಲ್ಲಿ ಎಂಬುದು ಆ ತಂಡದ ತೀರ್ಮಾನ.

ಅಪಾಯ ಕಳೆದ ಮೇಲೆ ಮಾಡಬೇಕಾದ್ದು

ರಕ್ತದಲ್ಲಿನ ಅಡ್ರಿನಲಿನ್ ಎರಡು ಮೂರು ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೂಲಕ ನಡೆಯುವ ಎರಡನೆಯ ಸರಣಿ ನಿಧಾನದ್ದು. ಅದರ ಫಲವಾದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ತುದಿ ಮುಟ್ಟುವುದು ಘಟನೆ ಶುರುವಾಗಿ ಸುಮಾರು 20ರಿಂದ 30 ನಿಮಿಷಗಳಾದ ಮೇಲೆ. ಹಾವು ಬೇಲಿ ದಾಟಿ ಹೋಗಿ ಎಷ್ಟೋ ಹೊತ್ತಾದರೂ ಕೈ ನಡುಗುತ್ತಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ.

ಈಗ ಮೊದಲು ಉಸಿರಿನ ಕಡೆ ಗಮನ ಕೊಡಿ. ಆಳವಾಗಿ ಉಸಿರೆಳೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಹೆಚ್ಚು ಕೆಲಸ ಮಾಡುವುದು ಉಸಿರು ಬಿಡುವ ಭಾಗ. ಉಸಿರು ಬಿಡುವಾಗ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಹೆಚ್ಚಿ ಹೃದಯಬಡಿತ ತಗ್ಗುವುದರಿಂದ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು, ನಿಧಾನವಾಗಿ ಹೊರಗೆ ಬಿಡಬೇಕು. ಅವಸರದಲ್ಲಿ ಏದುಸಿರು ಬಿಡುತ್ತಾ ಹೋದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ ಜೋಮು ಹಿಡಿಯುತ್ತದೆ, ತಲೆ ತಿರುಗುತ್ತದೆ. ನಿಲ್ಲುವಷ್ಟು ಶಕ್ತಿಯಿದ್ದರೆ ಸ್ವಲ್ಪ ನಡೆದಾಡಿ. ಸ್ನಾಯುಗಳಿಗೆಂದು ಬಿಡುಗಡೆಯಾದ ಗ್ಲುಕೋಸ್ ಅಲ್ಲಿಯೇ ಖರ್ಚಾಗುತ್ತದೆ. ನಡುಕ ನಿಲ್ಲುವವರೆಗೆ ವಾಹನ ಓಡಿಸಬೇಡಿ. ಕಣ್ಣು ಕತ್ತಲೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಹಿಡಿದುಕೊಳ್ಳುವುದಕ್ಕಿಂತ ನೆಲದ ಮೇಲೆ ಅಂಗಾತ ಮಲಗಿಸಿ ಕಾಲು ಎತ್ತರಿಸುವುದು ಮೇಲು.

ಎದೆನೋವನ್ನು ಮಾತ್ರ ಹೆದರಿಕೆಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬಾರದು. ತೀವ್ರ ಆಘಾತದ ಬೆನ್ನಿಗೆ ಹೃದಯದ ಎಡ ಹೃತ್ಕುಕ್ಷಿ ತಾತ್ಕಾಲಿಕವಾಗಿ ಉಬ್ಬಿ ದುರ್ಬಲವಾಗುವ, ಜಪಾನಿನ ವೈದ್ಯರು 1990ರ ಹೊತ್ತಿಗೆ ವಿವರಿಸಿದ ಟಾಕೊತ್ಸುಬೊ ಎಂಬ ಸ್ಥಿತಿಯಿದ್ದು, ಮುಟ್ಟು ನಿಂತ ಮಹಿಳೆಯರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅದರ ಲಕ್ಷಣಗಳು ಹೃದಯಾಘಾತದಂತೆಯೇ ಇರುವುದರಿಂದ, ಎಕೋ ಮತ್ತು ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು.